ಮನೆಯಲ್ಲಿ ಕಟ್ಟಿದ ವಾಲ್ವ್ ಟ್ರಾನ್ಸ್‌ಮಿಟರ್: ಫ್ರೀಕ್ವೆನ್ಸಿ ಜಾರುತ್ತಾ, ನಿಂತಿದೆಯಾ? ಅಳೆಯೋದು ಹೀಗೆ

ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಹುಡುಕಿದವರಿಗೆ ಒಂದು ಸಿಳ್ಳೆ ಗೊತ್ತೇ ಇರುತ್ತೆ. ವಾರ್ತೆ ಬರ್ತಾ ಇರುತ್ತೆ, ಅದರ ಹಿಂದೆಯೇ ‘ಕುಂಯ್’ ಅಂತ ಒಂದೇ ಸಮನೆ ಎಳೆಯುವ ಸದ್ದು. ಮುಳ್ಳು ಆಚೆ ಈಚೆ ತಿರುಗಿಸಿದರೂ ಹೋಗಲ್ಲ. ರೇಡಿಯೊ ಕೆಟ್ಟಿದೆ ಅಂದುಕೊಂಡು ರಿಪೇರಿ ಅಂಗಡಿಗೆ ಒಯ್ದವರೂ ಉಂಟು.

ಕೆಟ್ಟಿರೋದು ರೇಡಿಯೊ ಅಲ್ಲ. ಪ್ರತಿ ಎಎಂ ಸ್ಟೇಷನ್ ಮಾತು-ಹಾಡನ್ನು ಹೊತ್ತು ತರೋಕೆ ಒಂದು ಅಲೆ ಬಿಡುತ್ತೆ, ಅದಕ್ಕೆ ಕ್ಯಾರಿಯರ್ ಅಂತಾರೆ. ಎರಡು ಕ್ಯಾರಿಯರ್‌ಗಳು ತೀರಾ ಹತ್ತಿರ ಬಂದರೆ ಅವುಗಳ ನಡುವಿನ ಅಂತರವೇ ಸದ್ದಾಗಿ ಕೇಳಿಸುತ್ತೆ. ಒಂದು 675 ಕಿಲೋಹರ್ಟ್ಸ್‌ನಲ್ಲಿ, ಇನ್ನೊಂದು 676ರಲ್ಲಿ ಇದ್ದರೆ ನಿಮಗೆ 1000 ಹರ್ಟ್ಸ್‌ನ ಸಿಳ್ಳೆ ಖಾಯಂ.

675 ಅಂದ ಕೂಡಲೇ ನಮ್ಮ ಭಾಗದ ಹಿರಿಯರಿಗೆ ಭದ್ರಾವತಿ ಆಕಾಶವಾಣಿ ನೆನಪಾಗಬಹುದು. ಬೆಂಗಳೂರು 612, ಧಾರವಾಡ 765, ಕಲಬುರಗಿ 1107. ಈ ನಾಲ್ಕನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯಲ್ಲ. ನಮ್ಮ ಭಾಗದ ಜಗತ್ತಿನಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳಿಗೆ 9 ಕಿಲೋಹರ್ಟ್ಸ್ ಅಂತರದ ನಿವೇಶನ ಹಂಚಿದ್ದಾರೆ. ಹಂಚಿದ ಜಾಗದಿಂದ 10 ಹರ್ಟ್ಸ್‌ಗಿಂತ ಹೆಚ್ಚು ಆಚೀಚೆ ಸರಿಯಬಾರದು ಅನ್ನೋದು ಅಂತಾರಾಷ್ಟ್ರೀಯ ನಿಯಮ. 6,75,000ದಲ್ಲಿ ಬರೀ 10. ಅಂದರೆ ಹತ್ತು ಲಕ್ಷಕ್ಕೆ 15ರಷ್ಟು ಮಾತ್ರ ಸಡಿಲ.

ಈಗ ವಿಷಯಕ್ಕೆ ಬರೋಣ. ಹಳೆ ರೇಡಿಯೊ ಬಿಚ್ಚಿ ಜೋಡಿಸುವ ಹುಚ್ಚು ಇರುವ ಯುವಕರು ವಾಲ್ವ್ ಹಾಕಿ ಸಣ್ಣ ಎಎಂ ಟ್ರಾನ್ಸ್‌ಮಿಟರ್ ಕಟ್ಟೋದು ಹೊಸದೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದ್ದು, ಅದಕ್ಕೆ ‘ಆಕಾಶವಾಣಿ’ ಅಂತ ಹೆಸರಿಟ್ಟಿದ್ದು ನಮಗೆಲ್ಲ ಹೆಮ್ಮೆಯ ಕಥೆ. ಆ ಕಾಲದಲ್ಲಿ ಇದ್ದಿದ್ದೆಲ್ಲ ವಾಲ್ವೇ. ನಂತರದ ದಶಕಗಳಲ್ಲಿ ನಮ್ಮ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, 807 ಅನ್ನೋ ವಾಲ್ವ್ ಹಾಕಿ ಮನೆಯಲ್ಲೇ ಟ್ರಾನ್ಸ್‌ಮಿಟರ್ ಕಟ್ಟಿ 7 ಮೆಗಾಹರ್ಟ್ಸ್‌ನಲ್ಲಿ ಮಾತಾಡ್ತಿದ್ದರು.

ಕಟ್ಟೋದು ಅರ್ಧ ಕೆಲಸ ಅಷ್ಟೇ. ಕಟ್ಟಿದ್ದು ತನ್ನ ಜಾಗದಲ್ಲಿ ನಿಲ್ಲುತ್ತಾ ಅನ್ನೋದು ಉಳಿದರ್ಧ. ನಿಲ್ಲದಿದ್ದರೆ ಆ ಸಿಳ್ಳೆ ಬೇರೆ ಯಾರದ್ದೋ ಮನೆಯ ರೇಡಿಯೊದಲ್ಲಿ ಕೇಳುತ್ತೆ. ಹ್ಯಾಮ್‌ಗಳಿಗೆ ನಮ್ಮ ದೇಶದಲ್ಲಿ ಆ ಭಾಗದಲ್ಲಿ ಕೊಟ್ಟಿರೋದು 7.000ರಿಂದ 7.200 ಮೆಗಾಹರ್ಟ್ಸ್, ಅಂಚಿನಲ್ಲಿ ಕೂತವರು ಜಾರಿದರೆ ಇನ್ನೊಬ್ಬರ ಹೊಲಕ್ಕೆ ಕಾಲಿಟ್ಟ ಹಾಗೆ. 2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನುಗಳು ಸತ್ತಾಗ ಅಲ್ಲಿದ್ದ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದನ್ನು ಎಲ್ಲರೂ ಹೊಗಳ್ತಾರೆ. ಅಂಥ ಹೊತ್ತಿನಲ್ಲಿ ‘ಇಂಥ ಫ್ರೀಕ್ವೆನ್ಸಿಯಲ್ಲಿ ಸಿಗ್ತೀನಿ’ ಅಂದವನು ಅಲ್ಲೇ ಸಿಗಬೇಕು.

ಮೊದಲೇ ಒಂದು ಮಾತು. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ಅನುಮತಿ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳೋದೇ ತಪ್ಪು, ಪ್ರಸಾರ ಮಾಡೋದಂತೂ ಸರಿಯೇ. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅನುಮತಿ ಬೇಕೇ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಹ್ಯಾಮ್ ಪರೀಕ್ಷೆ ನಡೆಸುತ್ತೆ. ಬೆಂಗಳೂರಿನಲ್ಲಿ ಹ್ಯಾಮ್ ಕ್ಲಬ್‌ಗಳಿವೆ, ಪರೀಕ್ಷೆಗೆ ತಯಾರಿ ಹೇಗೆ ಅಂತ ಕೇಳಬಹುದು. ಮುಂದೆ ಬರೆದಿರೋದೆಲ್ಲ ಪರವಾನಗಿ ಕೈಯಲ್ಲಿದ್ದವರಿಗೆ. ಪರವಾನಗಿ ಇಲ್ಲದವರು ಓದಿ ತಿಳ್ಕೊಳ್ಳಿ, ಸ್ವಿಚ್ ಮಾತ್ರ ಹಾಕಬೇಡಿ.

ತಕ್ಕಡಿ ಲೆಕ್ಕ

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ತಕ್ಕಡಿ ಯಾವಾಗಲೂ 20 ಗ್ರಾಂ ಹೆಚ್ಚು ತೋರಿಸುತ್ತೆ ಅಂದುಕೊಳ್ಳಿ. ಅದು ತಪ್ಪು ತಕ್ಕಡಿ, ಆದರೆ ಸ್ಥಿರ. 20 ಕಳೆದರೆ ಲೆಕ್ಕ ಸರಿಹೋಗುತ್ತೆ. ಇನ್ನೊಂದು ತಕ್ಕಡಿ ಬೆಳಿಗ್ಗೆ ಒಂದು ತೋರಿಸುತ್ತೆ, ಮಧ್ಯಾಹ್ನ ಇನ್ನೊಂದು, ಫ್ಯಾನ್ ಹಾಕಿದರೆ ಮತ್ತೊಂದು. ಇದನ್ನು ಏನು ಮಾಡೋದು? ಕಳೆಯೋಕೆ ಒಂದು ನಿಗದಿ ಸಂಖ್ಯೆಯೇ ಇಲ್ಲ.

ಟ್ರಾನ್ಸ್‌ಮಿಟರ್‌ನಲ್ಲೂ ಅಷ್ಟೇ. ಮೀಟರಿನಲ್ಲಿ 71 ಲಕ್ಷ ಹರ್ಟ್ಸ್ ಅಂತ ಒಂದು ಸಲ ನೋಡಿ ‘ಸರಿಯಾಗಿದೆ’ ಅಂದುಬಿಡೋದು ಅಳತೆ ಅಲ್ಲ. ಎಷ್ಟು ಹೊತ್ತಿಗೆ ಎಷ್ಟು ಸರಿಯುತ್ತೆ, ಯಾವಾಗ ಸರಿಯುತ್ತೆ, ಯಾವುದನ್ನು ಬದಲಿಸಿದಾಗ ಸರಿಯುತ್ತೆ ಅನ್ನೋದೇ ಸ್ಥಿರತೆಯ ಅಳತೆ. ಒಂದು ಮೀಟರಿಗಿಂತ ಒಂದು ಗಡಿಯಾರ, ಒಂದು ನೋಟ್‌ಬುಕ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತೆ.

ಯಾಕೆ ಸರಿಯುತ್ತೆ?

ಫ್ರೀಕ್ವೆನ್ಸಿ ಹುಟ್ಟಿಸುವ ಭಾಗಕ್ಕೆ ಆಸಿಲೇಟರ್ ಅಂತ ಹೆಸರು. ಅದರ ಹೃದಯ ಒಂದು ಕಾಯಿಲ್ ಮತ್ತು ಒಂದು ಕಂಡೆನ್ಸರ್. ಇವೆರಡರ ಬೆಲೆ ಎಷ್ಟೋ, ಫ್ರೀಕ್ವೆನ್ಸಿ ಅದಕ್ಕೆ ತಕ್ಕಂತೆ. ಬೆಲೆ ಬದಲಾದರೆ ಅದರ ಅರ್ಧದಷ್ಟು ಪ್ರಮಾಣದಲ್ಲಿ ಫ್ರೀಕ್ವೆನ್ಸಿ ಎದುರು ದಿಕ್ಕಿಗೆ ಸರಿಯುತ್ತೆ. ಬೆಲೆ ಹೆಚ್ಚಿದರೆ ಫ್ರೀಕ್ವೆನ್ಸಿ ಕಡಿಮೆ.

ವಾಲ್ವ್ ಅಂದರೆ ಒಳಗೆ ಕಾದ ತಂತಿ ಇರುವ ಗಾಜಿನ ಬುರುಡೆ. ಸ್ವಿಚ್ ಹಾಕಿದ ಮೇಲೆ ಪೆಟ್ಟಿಗೆಯೊಳಗೆ ಸೆಕೆ ಏರುತ್ತಾ ಹೋಗುತ್ತೆ. ತಾಮ್ರ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷಕ್ಕೆ ಸುಮಾರು 17ರಷ್ಟು ಹಿಗ್ಗುತ್ತೆ. 20 ಡಿಗ್ರಿ ಏರಿದರೆ 340. ಕಾಯಿಲ್‌ನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ಫ್ರೀಕ್ವೆನ್ಸಿ ಅದರ ಅರ್ಧ, ಅಂದರೆ ಹತ್ತು ಲಕ್ಷಕ್ಕೆ 170ರಷ್ಟು ಇಳಿಯುತ್ತೆ. 71 ಲಕ್ಷ ಹರ್ಟ್ಸ್‌ನಲ್ಲಿ ಇದು ಸುಮಾರು 1200 ಹರ್ಟ್ಸ್! ಇದು ಬರೀ ಕಾಯಿಲ್‌ನ ಲೆಕ್ಕ. ಕಂಡೆನ್ಸರ್‌ದು ಬೇರೆ, ವಾಲ್ವ್‌ನ ಒಳಗಿನ ಲೋಹದ ಭಾಗಗಳದ್ದು ಬೇರೆ.

ಇನ್ನೊಂದು ಕಾರಣ ಕರೆಂಟು. ನಮ್ಮ ತಾಲ್ಲೂಕಿನಲ್ಲಿ ಸಂಜೆ ಮೋಟಾರುಗಳು, ಅಡಿಕೆ ಸುಲಿಯುವ ಯಂತ್ರಗಳು, ಹಿಟ್ಟಿನ ಗಿರಣಿ ಎಲ್ಲ ಒಟ್ಟಿಗೆ ಶುರುವಾದರೆ ಬಲ್ಬು ಮಂಕಾಗೋದು ಹೊಸದಲ್ಲ. ಬಲ್ಬು ಮಂಕಾದಾಗ ಆಸಿಲೇಟರೂ ಸರಿಯುತ್ತೆ. ಪುಸ್ತಕದಲ್ಲಿ ಈ ಕಾರಣ ಒಂದೇ ಸಾಲಿನಲ್ಲಿ ಬಂದುಹೋಗಬಹುದು, ನಮ್ಮಲ್ಲಿ ಇದಕ್ಕೆ ಒಂದು ಇಡೀ ಸಂಜೆ ಮೀಸಲಿಡಬೇಕು.

ಮೂರನೆಯದು ಏರಿಯಲ್. ಏರಿಯಲ್ ತಂತಿ ಗಾಳಿಗೆ ತೂಗಿದರೆ, ಮಳೆಗೆ ನೆನೆದರೆ, ಟ್ರಾನ್ಸ್‌ಮಿಟರ್ ಮೇಲಿನ ಭಾರ ಬದಲಾಗುತ್ತೆ. ಆಸಿಲೇಟರ್ ನೇರವಾಗಿ ಏರಿಯಲ್‌ಗೆ ಜೋಡಿಸಿದ ಒಂದೇ ವಾಲ್ವ್‌ನ ಟ್ರಾನ್ಸ್‌ಮಿಟರ್ ಆದರೆ ಫ್ರೀಕ್ವೆನ್ಸಿಯನ್ನು ಇದು ಹಿಡಿದು ಎಳೆಯುತ್ತೆ.

ಮುಟ್ಟುವ ಮುಂಚೆ

ವಾಲ್ವ್ ಟ್ರಾನ್ಸ್‌ಮಿಟರ್ ಒಳಗೆ 300ರಿಂದ 600 ವೋಲ್ಟ್ ಡಿಸಿ ಇರುತ್ತೆ. ಮನೆಯ ಪ್ಲಗ್‌ಗಿಂತ ಇದು ಕೆಟ್ಟದ್ದು. ಸ್ವಿಚ್ ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಕಂಡೆನ್ಸರ್‌ಗೆ ಅಡ್ಡಲಾಗಿ ಚಾರ್ಜ್ ಇಳಿಸುವ ರೆಸಿಸ್ಟರ್ ಇರಲೇಬೇಕು, ಇದ್ದರೂ ಮಲ್ಟಿಮೀಟರ್ ಹಿಡಿದು ಸೊನ್ನೆ ನೋಡಿಯೇ ಕೈ ಹಾಕಬೇಕು. ಚಾಸಿ ಅರ್ಥ್ ಆಗಿರಲಿ. ಮಕ್ಕಳು, ಬೆಕ್ಕು ಆ ಕೋಣೆಯಲ್ಲಿ ಬೇಡ.

ಅಳತೆಗೆ ಏರಿಯಲ್ ಬೇಡವೇ ಬೇಡ. ಅದರ ಜಾಗದಲ್ಲಿ ಡಮ್ಮಿ ಲೋಡ್ ಹಾಕಿ. ತಂತಿ ಸುತ್ತಿದ್ದಲ್ಲದ, ಕಾರ್ಬನ್ ರೀತಿಯ ರೆಸಿಸ್ಟರ್‌ಗಳನ್ನು ಸೇರಿಸಿ 50 ಓಮ್ ಮಾಡಿದರೆ ಆಯ್ತು, ಟ್ರಾನ್ಸ್‌ಮಿಟರ್‌ನ ವ್ಯಾಟ್ ತಡೆದುಕೊಳ್ಳಬೇಕು ಅಷ್ಟೇ. ಹಳಬರು ಬಲ್ಬ್ ಹಾಕ್ತಿದ್ದರು. ಪವರ್ ಬರುತ್ತಿದೆ ಅಂತ ನೋಡೋಕೆ ಅದು ಚಂದ, ಆದರೆ ಸ್ಥಿರತೆ ಅಳೆಯೋಕೆ ಒಗ್ಗಲ್ಲ. ಬಲ್ಬ್ ಕಾದಂತೆ ಅದರ ಓಮ್ ಬದಲಾಗುತ್ತೆ, ಭಾರವೇ ಬದಲಾಗುತ್ತಿದ್ದರೆ ಸರಿದಿದ್ದು ಯಾವುದರಿಂದ ಅಂತ ಗೊತ್ತಾಗಲ್ಲ.

ಯಾವುದರಲ್ಲಿ ಅಳೆಯೋದು?

ಸುಲಭದ್ದು ಫ್ರೀಕ್ವೆನ್ಸಿ ಕೌಂಟರ್. ಒಂದು ಸೆಕೆಂಡು ಬಾಗಿಲು ತೆಗೆದು ಎಷ್ಟು ಅಲೆ ಒಳಗೆ ಬಂತು ಅಂತ ಎಣಿಸೋ ಯಂತ್ರ ಇದು. ಒಂದು ಸೆಕೆಂಡು ಎಣಿಸಿದರೆ 1 ಹರ್ಟ್ಸ್‌ವರೆಗೆ ತೋರಿಸುತ್ತೆ, ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಎಣಿಸಿದರೆ 10 ಹರ್ಟ್ಸ್‌ವರೆಗೆ. ಕೊನೆಯ ಅಂಕಿ ಒಂದು ಹೆಚ್ಚುಕಮ್ಮಿ ಕುಣಿಯೋದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೌಂಟರ್‌ನ ತಂತಿಯನ್ನು ಆಸಿಲೇಟರ್‌ಗೆ ನೇರ ತಾಗಿಸಬಾರದು. ಆ ತಂತಿಯೇ ಒಂದು ಕಂಡೆನ್ಸರ್ ಥರ ಸೇರಿಕೊಂಡು ಫ್ರೀಕ್ವೆನ್ಸಿ ಎಳೆಯುತ್ತೆ. ಇನ್ನೂ ಒಂದು: 10 ವ್ಯಾಟ್‌ನ ಕ್ಯಾರಿಯರ್ 50 ಓಮ್‌ನ ಮೇಲೆ ಸುಮಾರು 22 ವೋಲ್ಟ್ ಕೊಡುತ್ತೆ, ಸಣ್ಣ ಕೌಂಟರ್‌ಗಳ ಇನ್‌ಪುಟ್ ಅಷ್ಟು ತಾಳಲ್ಲ. ಪ್ಲಾಸ್ಟಿಕ್ ತಂತಿಯ ಎರಡು ಸುತ್ತಿನ ಬಳೆ ಮಾಡಿ ಡಮ್ಮಿ ಲೋಡ್‌ನ ಹತ್ತಿರ ಇಡಿ. ಅಂಕಿ ನಿಂತು ತೋರಿಸುವಷ್ಟು ಹತ್ತಿರ ಸಾಕು, ಅದಕ್ಕಿಂತ ಹತ್ತಿರ ಬೇಡ.

ಆದರೆ ಕೌಂಟರನ್ನು ಅಳೆಯೋರು ಯಾರು? ಅಂಗಡಿ ತಕ್ಕಡಿಗೆ ಇಲಾಖೆಯ ಮುದ್ರೆ ಬೀಳುವ ಹಾಗೆ ಇದಕ್ಕೂ ಒಂದು ಪರೀಕ್ಷೆ ಬೇಕು. ಅಮೆರಿಕದ ಡಬ್ಲ್ಯುಡಬ್ಲ್ಯುವಿ, ಚೀನಾದ ಬಿಪಿಎಂ ಅನ್ನೋ ಸ್ಟೇಷನ್‌ಗಳು 5, 10, 15 ಮೆಗಾಹರ್ಟ್ಸ್‌ನಲ್ಲಿ ನಿಖರ ಸಮಯ ಮತ್ತು ಫ್ರೀಕ್ವೆನ್ಸಿ ಬಿಡುತ್ತವೆ. ಶಾರ್ಟ್ ವೇವ್ ರೇಡಿಯೊದಲ್ಲಿ ಅವು ಸಿಕ್ಕಾಗ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಜಿಪಿಎಸ್ ಉಪಗ್ರಹದ ಗಡಿಯಾರಕ್ಕೆ ಕಟ್ಟಿಹಾಕಿದ 10 ಮೆಗಾಹರ್ಟ್ಸ್ ಮೂಲ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಸುಲಭ. ಒಂದು ಕೋಟಿ ಹರ್ಟ್ಸ್ ಇರಬೇಕಾದಲ್ಲಿ ನಿಮ್ಮ ಕೌಂಟರ್ 1,00,00,020 ತೋರಿಸಿದರೆ ಅದು ಹತ್ತು ಲಕ್ಷಕ್ಕೆ 2 ಹೆಚ್ಚು ತೋರಿಸುತ್ತೆ. 71 ಲಕ್ಷದಲ್ಲಿ 14 ಹರ್ಟ್ಸ್ ಕಳೆಯಿರಿ, ಮುಗೀತು.

ಕೌಂಟರ್ ಇಲ್ಲವೇ? ಎಸ್‌ಎಸ್‌ಬಿ ಕೇಳಿಸುವ ಒಂದು ರಿಸೀವರ್ ಮತ್ತು ಮೊಬೈಲ್ ಇದ್ದರೂ ಆಗುತ್ತೆ. ಈ ದಾರಿಯೇ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಜಾರೋದು ಕಿವಿಗೇ ಕೇಳುತ್ತೆ. ರಿಸೀವರನ್ನು ಒಂದು ಗಂಟೆ ಮೊದಲೇ ಹಾಕಿಟ್ಟು ಕಾಯಲು ಬಿಡಿ, ಇಲ್ಲದಿದ್ದರೆ ಜಾರ್ತಾ ಇರೋದು ಯಾವುದು ಅನ್ನೋದೇ ಗೊಂದಲ. ಆಮೇಲೆ ನಿಮ್ಮ ಕ್ಯಾರಿಯರ್ 1000 ಹರ್ಟ್ಸ್‌ನ ಸಿಳ್ಳೆಯಾಗಿ ಕೇಳುವ ಹಾಗೆ ಟ್ಯೂನ್ ಮಾಡಿ. ಮೊಬೈಲ್‌ನಲ್ಲಿ ಸದ್ದಿನ ಫ್ರೀಕ್ವೆನ್ಸಿ ತೋರಿಸುವ ಆ್ಯಪ್ ಹಾಕಿ ಸ್ಪೀಕರ್ ಮುಂದೆ ಇಡಿ. ಸಿಳ್ಳೆ 1040ಕ್ಕೆ ಏರಿದರೆ ಟ್ರಾನ್ಸ್‌ಮಿಟರ್ 40 ಹರ್ಟ್ಸ್ ಸರಿದಿದೆ. ಯುಎಸ್‌ಬಿಯಲ್ಲಿ ಮೇಲಕ್ಕೆ ಅಂದರೆ ಮೇಲಕ್ಕೆ, ಎಲ್‌ಎಸ್‌ಬಿಯಲ್ಲಿ ಉಲ್ಟಾ.

ಒಂದು ಗಂಟೆಯ ನೋಟ್‌ಬುಕ್

ಟ್ರಾನ್ಸ್‌ಮಿಟರ್ ಪೂರ್ತಿ ತಣ್ಣಗಿರಬೇಕು. ಮುಚ್ಚಳ ಹಾಕಿರಬೇಕು, ಫ್ಯಾನ್ ಆಫ್ ಇರಬೇಕು. ಮೈಕ್ ತೆಗೆದಿಡಿ, ಮಾತು ಸೇರಿದರೆ ಕೌಂಟರ್ ಎಣಿಕೆ ತಪ್ಪಬಹುದು. ಸ್ವಿಚ್ ಹಾಕಿ. ಮೊದಲ 15 ನಿಮಿಷ ನಿಮಿಷಕ್ಕೊಂದು ಸಲ, ಆಮೇಲೆ 5 ನಿಮಿಷಕ್ಕೊಂದು ಸಲ ಬರೆಯಿರಿ. ಸಮಯ, ಫ್ರೀಕ್ವೆನ್ಸಿ, ಪೆಟ್ಟಿಗೆಯೊಳಗಿನ ಉಷ್ಣಾಂಶ, ಕರೆಂಟಿನ ವೋಲ್ಟೇಜ್: ಈ ನಾಲ್ಕು ಕಾಲಂ.

ಉದಾಹರಣೆಗೆ ಹೀಗೊಂದು ಪಟ್ಟಿ ಬಂತು ಅಂದುಕೊಳ್ಳಿ. ಶುರುವಿನಲ್ಲಿ 71,01,400. ಐದು ನಿಮಿಷಕ್ಕೆ 71,00,650. ಹತ್ತಕ್ಕೆ 71,00,300. ಇಪ್ಪತ್ತಕ್ಕೆ 71,00,080. ಅರ್ಧ ಗಂಟೆಗೆ ಸರಿಯಾಗಿ 71,00,000. ಒಂದು ಗಂಟೆಗೆ 70,99,960.

ಒಟ್ಟು 1440 ಹರ್ಟ್ಸ್ ಇಳಿದಿದೆ. ಕೇಳೋಕೆ ಭಯ ಆಗುತ್ತೆ, ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅರ್ಧ ಗಂಟೆಯ ನಂತರ ಜಾರಿದ್ದು ಬರೀ 40. ಹತ್ತು ಲಕ್ಷಕ್ಕೆ 6 ಕೂಡ ಇಲ್ಲ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಒಂದೇ ದಿಕ್ಕಿಗೆ ಇಳಿಯೋದು ಸೆಕೆಯ ಗುರುತು, ಅನ್ನ ಆರುವ ಹಾಗೆ. ಈ ಟ್ರಾನ್ಸ್‌ಮಿಟರ್‌ಗೆ ತಕ್ಷಣದ ಮದ್ದು ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕೋದು. ಕಾಸು ಖರ್ಚಿಲ್ಲ.

ಪಟ್ಟಿ ಬೇರೆ ಥರ ಇದ್ದರೆ ರೋಗವೂ ಬೇರೆ. ನಿಂತಿದ್ದ ಅಂಕಿ ಇದ್ದಕ್ಕಿದ್ದಂತೆ 15-20 ಹರ್ಟ್ಸ್ ಹಾರಿ ಮತ್ತೆ ವಾಪಸ್ ಬರುತ್ತಾ? ಅದು ಸೆಕೆ ಅಲ್ಲ, ಎಲ್ಲೋ ಡ್ರೈ ಸೋಲ್ಡರ್ ಇದೆ, ಇಲ್ಲವೇ ಗ್ಯಾಂಗ್ ಕಂಡೆನ್ಸರ್‌ನ ಸಂಪರ್ಕ ಸಡಿಲ. ಪೆಟ್ಟಿಗೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ಸಿಳ್ಳೆ ನಡುಗುತ್ತೆ, ಅಲ್ಲೇ ಜಾಗ ಸಿಗುತ್ತೆ. ಫ್ರೀಕ್ವೆನ್ಸಿ ಏರಿಳಿತ ನಾಲ್ಕನೇ ಕಾಲಂನ ವೋಲ್ಟೇಜ್ ಜೊತೆಗೇ ಹೆಜ್ಜೆ ಹಾಕುತ್ತಾ? ಆಗ ಮುಂದಿನ ಪರೀಕ್ಷೆ ಮಾಡಲೇಬೇಕು.

ಕರೆಂಟಿನ ಪರೀಕ್ಷೆ

ಟ್ರಾನ್ಸ್‌ಮಿಟರ್ ಒಂದು ಗಂಟೆ ಕಾದ ಮೇಲೆ ಡಿಮ್ಮರ್‌ಸ್ಟಾಟ್ ಮೂಲಕ ವೋಲ್ಟೇಜ್ ಬದಲಿಸಿ ನೋಡಿ: 230, 215, 200, ಮತ್ತೆ 230. ಪ್ರತಿ ಸಲ ಎರಡು ಅಂಕಿ ಬರೀಬೇಕು. ವೋಲ್ಟೇಜ್ ಬದಲಿಸಿದ ಕೂಡಲೇ ಒಂದು, ಮೂರು ನಿಮಿಷ ಬಿಟ್ಟು ಇನ್ನೊಂದು. ಕೂಡಲೇ ಹಾರಿದ್ದು ಪ್ಲೇಟ್ ವೋಲ್ಟೇಜ್‌ನಿಂದ. ನಿಧಾನವಾಗಿ ಸರಿದಿದ್ದು ಹೀಟರ್ ತಣ್ಣಗಾಗಿದ್ದರಿಂದ. ಎರಡಕ್ಕೂ ಔಷಧ ಬೇರೆ ಬೇರೆ, ಹಾಗಾಗಿ ಬೇರೆ ಬೇರೆ ಬರೆಯೋದು ಮುಖ್ಯ.

ಕೂಡಲೇ ಹಾರೋದಕ್ಕೆ ಹಳೆಯ, ಒಳ್ಳೆಯ ಮದ್ದು ಓಎ2 ಅನ್ನೋ ಗ್ಯಾಸ್ ತುಂಬಿದ ರೆಗ್ಯುಲೇಟರ್ ವಾಲ್ವ್. ಮೇಲಿನ ವೋಲ್ಟೇಜ್ ಏರಿಳಿದರೂ ಅದು ಆಸಿಲೇಟರ್‌ಗೆ 150 ವೋಲ್ಟ್‌ನ ಆಸುಪಾಸಿನಲ್ಲೇ ಕೊಡುತ್ತೆ. ಹೊಳೆಯೋದು ನೋಡೋಕೂ ಚೆನ್ನಾಗಿರುತ್ತೆ. ಹೀಟರ್‌ಗೆ ಬೇಕಾದರೆ ರೆಗ್ಯುಲೇಟ್ ಮಾಡಿದ ಡಿಸಿ ಕೊಡಬಹುದು.

ಮನೆಯ ಟಿವಿ, ಫ್ರಿಜ್‌ಗೆ ಹಾಕುವ ಸ್ಟೆಬಿಲೈಸರ್ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಒಳಗೆ ರಿಲೇ ಇರುವ ಸ್ಟೆಬಿಲೈಸರ್ ‘ಟಕ್’ ಅಂದಾಗಲೆಲ್ಲ ವೋಲ್ಟೇಜನ್ನು ಮೆಟ್ಟಿಲು ಥರ ಬದಲಿಸುತ್ತೆ. ಫ್ರಿಜ್‌ಗೆ ಅದು ಸಾಕು. ಆಸಿಲೇಟರ್‌ಗೆ ಪ್ರತಿ ‘ಟಕ್’ಗೂ ಒಂದು ಜಿಗಿತ. ನಿಧಾನ ಸರಿಯುವುದಕ್ಕಿಂತ ಅದು ಕಿವಿಗೆ ಕಿರಿಕಿರಿ.

ಮಾತಾಡುವಾಗ ಅಲುಗುತ್ತಾ?

ಎಎಂನಲ್ಲಿ ಮಾತಿಗೆ ತಕ್ಕಂತೆ ಕ್ಯಾರಿಯರ್‌ನ ಬಲ ಏರಿಳಿಯಬೇಕು, ಫ್ರೀಕ್ವೆನ್ಸಿ ಅಲುಗಬಾರದು. ಆದರೆ ಮಾತು ಸೇರಿಸುವ ಮಾಡ್ಯುಲೇಟರ್ ಮತ್ತು ಆಸಿಲೇಟರ್ ಒಂದೇ ಪವರ್ ಸಪ್ಲೈ ಹಂಚಿಕೊಂಡಿದ್ದರೆ ಜೋರಾಗಿ ಮಾತಾಡಿದಾಗ ವೋಲ್ಟೇಜ್ ಕುಸಿದು ಫ್ರೀಕ್ವೆನ್ಸಿಯೂ ನಡುಗುತ್ತೆ. ಕೌಂಟರ್‌ನಲ್ಲಿ ಇದು ಕಾಣಲ್ಲ. ಅದೇ ಎಸ್‌ಎಸ್‌ಬಿ ರಿಸೀವರ್ ಇಟ್ಟು ಕ್ಯಾರಿಯರ್‌ನ ಸಿಳ್ಳೆ ಕೇಳ್ತಾ ಮೈಕ್‌ನಲ್ಲಿ ‘ಹಲೋ’ ಅನ್ನಿ. ಸಿಳ್ಳೆ ಒಂದೇ ಸ್ವರದಲ್ಲಿ ನಿಂತರೆ ಸರಿ. ಶ್ರುತಿ ತಪ್ಪಿದ ಹಾರ್ಮೋನಿಯಂ ಥರ ನುಲಿದರೆ ಆಸಿಲೇಟರ್‌ಗೆ ಪ್ರತ್ಯೇಕ ಸಪ್ಲೈ ಬೇಕು, ನಡುವೆ ಒಂದು ಬಫರ್ ವಾಲ್ವ್ ಬೇಕು. ಏರಿಯಲ್ ಎಳೆಯೋದನ್ನೂ ಬಫರ್ ಬಹುಮಟ್ಟಿಗೆ ತಡೆಯುತ್ತೆ.

ಎಷ್ಟಾದರೆ ಸಾಕು?

ಎಎಂ ಕೇಳುವವರಿಗೆ 100 ಹರ್ಟ್ಸ್ ಸರಿದಿದ್ದು ಗೊತ್ತೇ ಆಗಲ್ಲ. ಅದಕ್ಕೇ ಹಿಂದಿನವರು ಜಾರುವ ಟ್ರಾನ್ಸ್‌ಮಿಟರ್ ಇಟ್ಟುಕೊಂಡೂ ಹಾಯಾಗಿ ಮಾತಾಡ್ತಿದ್ದರು. ಇವತ್ತು ಹಾಗಲ್ಲ. 7 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಅಕ್ಕಪಕ್ಕ ಇರುವವರು ಹೆಚ್ಚಿನವರು ಎಸ್‌ಎಸ್‌ಬಿಯವರು, ಅವರ ರೇಡಿಯೊದಲ್ಲಿ ನಿಮ್ಮ ಕ್ಯಾರಿಯರ್ ಸಿಳ್ಳೆಯಾಗಿಯೇ ಕೇಳುತ್ತೆ, ಜಾರಿದಾಗ ಆ ಸಿಳ್ಳೆ ಅವರ ಮಾತಿನ ಮೇಲೆ ಹತ್ತಿ ಕೂರುತ್ತೆ. ಕಾದ ಮೇಲೆ ಅರ್ಧ ಗಂಟೆಗೆ 50 ಹರ್ಟ್ಸ್ ಒಳಗೆ ನಿಂತರೆ ಮನೆಯಲ್ಲಿ ಕಟ್ಟಿದ್ದಕ್ಕೆ ಒಳ್ಳೆಯ ಫಲಿತಾಂಶ ಅಂತಲೇ ಹೇಳಬೇಕು.

ಇನ್ನೂ ಬಿಗಿ ಬೇಕು ಅನ್ನುವವರು ಕಾಯಿಲನ್ನು ವಾಲ್ವ್‌ನಿಂದ ದೂರ ಸೆರಾಮಿಕ್ ಕೊಳವೆಯ ಮೇಲೆ ಬಿಗಿಯಾಗಿ ಸುತ್ತಬೇಕು, ಕಂಡೆನ್ಸರ್ ಸಿಲ್ವರ್ ಮೈಕಾ ಅಥವಾ ಎನ್‌ಪಿಒ ಜಾತಿಯದ್ದು ಹಾಕಬೇಕು. ಸೆಕೆಗೆ ಬೆಲೆ ಇಳಿಯುವ ಎನ್750 ಎಂಬ ಸಣ್ಣ ಸೆರಾಮಿಕ್ ಕಂಡೆನ್ಸರನ್ನು ಜೊತೆಗೆ ಸೇರಿಸಿ, ಕಾಯಿಲ್ ಹಿಗ್ಗಿದ್ದನ್ನು ಸರಿದೂಗಿಸುವ ಉಪಾಯವೂ ಇದೆ. ಎಷ್ಟು ಸೇರಿಸಬೇಕು ಅನ್ನೋದನ್ನು ಆ ನೋಟ್‌ಬುಕ್ಕೇ ಹೇಳಬೇಕು. ಒಂದು ಸಲ ಹಾಕಿ, ತಣ್ಣಗಾಗಲು ಬಿಟ್ಟು, ಮತ್ತೆ ಒಂದು ಗಂಟೆ ಬರೆದು ನೋಡಿ. ಇಳಿಯುತ್ತಿದ್ದ ಫ್ರೀಕ್ವೆನ್ಸಿ ಈಗ ಏರಲು ಶುರುವಾಗಿದ್ದರೆ ಹಾಕಿದ್ದು ಜಾಸ್ತಿಯಾಯ್ತು. ಮೂರ್ನಾಲ್ಕು ಸಂಜೆ ಹಿಡಿಯುತ್ತೆ. ಅಷ್ಟು ಪುರಸೊತ್ತಿಲ್ಲದವರು ಕಾಯಿಲ್ ಬಿಟ್ಟು ಒಂದು ಕ್ವಾರ್ಟ್ಜ್ ಹರಳು ಹಾಕಲಿ. ಒಂದೇ ಫ್ರೀಕ್ವೆನ್ಸಿಗೆ ಕಟ್ಟುಬೀಳಬೇಕು ನಿಜ, ಆದರೆ ಅದೇ ಪೆಟ್ಟಿಗೆ, ಅದೇ ಸೆಕೆಯಲ್ಲಿ ಸಾವಿರದ ಲೆಕ್ಕದ ಜಾರಾಟ ಹತ್ತಾರು ಹರ್ಟ್ಸ್‌ಗೆ ಇಳಿಯುತ್ತೆ.